ಫನೋಸ್ತ್ರಾತೆಯ ಅಂಗಳದಲ್ಲಿ ಅತ್ತವರು

ಅಥೆನ್ಸಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕರೆ ಹೋಗುತ್ತಿದ್ದುದು ಪಕ್ಕದ ಮನೆಯ ಫನೋಸ್ತ್ರಾತೆಗೆ. ಕೂಲಿಗೆ ಅಳುವವರನ್ನು ಕರೆಸಬಾರದು, ಕೆನ್ನೆ ಪರಚಿಕೊಳ್ಳಬಾರದು, ಹತ್ತಿರದ ನೆಂಟರಷ್ಟೇ ಅಳಬೇಕು ಎಂದು ಊರಿನ ಹಳೆಯ ಕಟ್ಟಳೆ. ಹಾಗಾಗಿ ಸತ್ತವರ ಮನೆಯವರು ಅವಳನ್ನು ಆ ಒಂದು ದಿನದ ಮಟ್ಟಿಗೆ ಚಿಕ್ಕಮ್ಮನನ್ನಾಗಿಯೋ ಅತ್ತೆಯನ್ನಾಗಿಯೋ ಮಾಡಿಕೊಳ್ಳುತ್ತಿದ್ದರು. ಹೆಣದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಸರು ಕರೆದು ಅವಳು ಹಾಡಿ ಅತ್ತರೆ ಗೋಡೆಗೊರಗಿ ಬಿಗಿದು ನಿಂತ ಗಂಡಸರೂ ಮುಖ ತಿರುಗಿಸುತ್ತಿದ್ದರು. ಮರುದಿನ ಅವಳು ಮತ್ತೆ ಉಣ್ಣೆ ನೂಲುವ ವಿಧವೆ.

ಅವಳ ಒಬ್ಬನೇ ಮಗ ದೆಕ್ಸಿಯಸ್ ಯುದ್ಧದ ಹಡಗಿನಲ್ಲಿ ಹುಟ್ಟು ಹಾಕುವವನು. ಪಡುವಣ ದ್ವೀಪಕ್ಕೆ ಹೋದ ಹಡಗುಗಳು ಮರಳಲಿಲ್ಲ. ತೊಳೆಯಲು ಮೈಯಿಲ್ಲ, ಹೂಳಲು ಮೂಳೆಯಿಲ್ಲ. ಇನ್ನು ಯಾರ ತಲೆ ಹಿಡಿದು ಅಳುವುದು? ಊರಿಗೆಲ್ಲ ಅತ್ತವಳು ತನ್ನ ಮಗನಿಗೆ ಒಂದು ಸಾಲೂ ಹಾಡಲಿಲ್ಲ. ಎರಡು ವರ್ಷ ಬಾಗಿಲ ಬಳಿ ಕದಿರು ಹಿಡಿದು ಕೂತಿದ್ದಳು. ಆಗ ಸಣ್ಣವಳಾಗಿದ್ದ ನಾನೇ ಬಾವಿಯಿಂದ ಅವಳ ನೀರನ್ನೂ ತರುತ್ತಿದ್ದೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ಚಪ್ಪಲಿ ಹೊಲಿಯುವ ಸಿಮೊನ್ ಬಂದ. ದೆಕ್ಸಿಯಸನ ಜೊತೆ ಆಡಿ ಬೆಳೆದವನು. ವಸಂತದ ಹಬ್ಬದ ನಾಟಕದಲ್ಲಿ ಅವನದು ಮೇಳದ ಪಾತ್ರ. ಸೋತುಹೋದ ಶತ್ರುನಗರದ ಹೆಂಗಸರ ಮುಖವಾಡ ಹಾಕಿ ಹದಿನೈದು ಗಂಡಸರು ಸತ್ತ ತಮ್ಮ ರಾಜಕುಮಾರನಿಗಾಗಿ ಹಾಡಿ ಅಳಬೇಕಿತ್ತು.

"ದೊಡ್ಡಮ್ಮಾ, ನಾವು ಅತ್ರೆ ಕತ್ತೆ ಕಿರುಚಿದ ಹಾಗಿರತ್ತಂತೆ. ಮೇಳಕ್ಕೆ ಹಾಡು ಕಲಿಸೋ ಮೇಷ್ಟ್ರು ಬೈದು ಬೈದು ಸುಸ್ತಾಗಿದಾರೆ. ನೀನೇ ಕಲಿಸ್ಬೇಕು."

"ಹೆಂಗಸ್ರು ಬಾಯಿ ಬಿಟ್ಟು ಅಳಬಾರ್ದು ಅಂದೋರು ನೀವೇ. ಈಗ ಹೆಂಗಸ್ರ ವೇಷ ಹಾಕ್ಕೊಂಡು ನೀವೇ ಅಳ್ತೀರೇನೋ?"

"ನಾಟಕದಲ್ಲಿ ಅತ್ರೆ ಯಾರೂ ತಪ್ಪು ಅನ್ನಲ್ಲ. ಬೇರೆಯೋರ ದುಃಖ ಅಲ್ವಾ."

ಅವಳು ಉಣ್ಣೆಯ ಬುಟ್ಟಿಯನ್ನು ಗೋಡೆಗೆ ಸರಿಸಿದಳು. "ನಾಳೆ ಬನ್ನಿ. ಕಾಲು ತೊಳ್ಕೊಂಡು ಬನ್ನಿ."

ಹದಿನೈದೂ ಜನ ಬಂದರು. ಕುಂಬಾರ, ಈರುಳ್ಳಿ ಮಾರುವವನು, ಇಬ್ಬರು ಬಡಗಿಗಳು. ಅವಳು ಸಾಲು ಸಾಲಾಗಿ ಹೇಳಿಕೊಟ್ಟಳು: "ನಿನಗೆಂದು ನೇಯ್ದ ಹೊದಿಕೆ ಪೆಟ್ಟಿಗೆಯಲ್ಲಿದೆ, ಯಾರು ಹೊದಿಸಿದರು ನಿನಗೆ..."

"ಹೆಸರು ಬರೋ ಕಡೆ ಏನನ್ನೋದು ದೊಡ್ಡಮ್ಮ?"

"ಸದ್ಯಕ್ಕೆ ದೆಕ್ಸಿಯಸ್ ಅನ್ನಿ." ಅವಳು ನೂಲಿನಿಂದ ಕಣ್ಣೆತ್ತಲಿಲ್ಲ. ಸಿಮೊನ್ ಮೊದಲ ಸಾಲು ಎತ್ತಿಕೊಂಡ.

ಇಪ್ಪತ್ತು ದಿನ ನಮ್ಮ ಗೋಡೆಯಾಚೆ ಆ ಹೆಸರು ಕೇಳಿಸಿತು. ನಡುನಡುವೆ ಅವಳ ಬೈಗುಳ: "ಲೋ ಈರುಳ್ಳಿ, ಕಳೆದಿದ್ದು ನಿನ್ನ ಬುಟ್ಟಿ ಅಲ್ಲ ಕಣೋ, ಮಗು!"

ಕೊನೆಗೊಂದು ಸಂಜೆ ಮೇಷ್ಟ್ರು ಬಂದು ಹಾಡು ಕೇಳಿದರು. ಮೂಗೊರೆಸಿಕೊಂಡು ಹೇಳಿದರು: "ಇಷ್ಟು ಸಾಕು. ನಾಳೆಯಿಂದ ರಾಜಕುಮಾರನ ಹೆಸರು ಹಾಕ್ಕೊಳ್ಳಿ."

ಫನೋಸ್ತ್ರಾತೆ ಎದ್ದು ನಿಂತಳು. "ಇವತ್ತು ಇನ್ನೊಂದ್ಸಲ ಹಾಗೇ ಹಾಡ್ಲಿ, ಮೇಷ್ಟ್ರೇ. ಒಂದೇ ಸಲ."

ಅವರು ಆಗಲಿ ಎಂದು ತಲೆಯಾಡಿಸಿದರು. ಅವಳು ಒಳಗಿನ ಪೆಟ್ಟಿಗೆಯಿಂದ ಒಂದು ಹೊದಿಕೆ ತಂದು ಅಂಗಳದ ನಡುವೆ ಹಾಸಿದಳು. ಮಗ ಮಲಗಿದ್ದರೆ ತಲೆ ಎಲ್ಲಿರುತ್ತಿತ್ತೋ ಅಲ್ಲಿ ಕೂತು ಎರಡೂ ಕೈ ಚಾಚಿದಳು. ಹದಿನೈದು ಗಂಡಸರು ಸುತ್ತ ನಿಂತು ಹಾಡಿದರು. ಮೂರನೆಯ ಸಾಲಿಗೆ ಅವಳ ದನಿ ಸೇರಿತು. ಎರಡು ವರ್ಷ ನಾನು ಕೇಳದಿದ್ದ ದನಿ. ಕೊಡ ಹೊತ್ತ ನಾನು ಬಾಗಿಲಲ್ಲೇ ನಿಂತೆ.

ಮುಗಿದ ಮೇಲೆ ಅವಳು ಹೊದಿಕೆಯ ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ಬಂದವರಿಗೆಲ್ಲ ಕೈ ತೊಳೆಯಲು ನೀರು ಕೊಟ್ಟಳು, ಸಾವಿನ ಮನೆಯಲ್ಲಿ ಕೊಡುವ ಹಾಗೆ.

ನಾಟಕದ ದಿನ ಅವಳು ಹೋಗಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಬಂದಾಗ ಮೇಳದ ಹಾಡು ಚೂರು ಚೂರಾಗಿ ಬರುತ್ತಿತ್ತು. ಆಮೇಲೆ ಸಾವಿರಾರು ಜನ ಒಟ್ಟಿಗೆ ಬಿಕ್ಕಿದ ಸದ್ದು.

"ಊರೇ ಅಳ್ತಿದೆ, ಅಜ್ಜಿ," ಎಂದೆ.

"ಯಾರಿಗಂತೆ?"

"ಆ ರಾಜಕುಮಾರನಿಗೆ."

"ಅಳ್ಲಿ ಪಾಪ," ಎಂದಳು. "ನಮ್ಮನೇದು ಆಗ್ಹೋಯ್ತಲ್ಲ." ಮತ್ತೆ ಕದಿರು ತಿರುಗಿಸಿದಳು.