ಗಿರಿಜಾಬಾಯಿ ಹೇಳಿದ ಕಡೆಯ ಸೀನು

ದುಬಲಗುಂಡಿಯಾಚೆಯ ಹೆಸರುಕಾಳಿನ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿಸಿಲೇರಿದರೆ ಒಣಗಿದ ಕಾಯಿ ಸಿಡಿದು ಕಾಳೆಲ್ಲ ಮಣ್ಣುಪಾಲು. ಹಾಗಾಗಿ ಇಬ್ಬನಿ ಆರುವುದರೊಳಗೆ ಬಿಡಿಸಿ ಮುಗಿಸಬೇಕು. ಹದಿನಾಲ್ಕು ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಬಗ್ಗಿದ್ದಾರೆ. ನಡುವಿನ ಸಾಲಿನ ಗಿರಿಜಾಬಾಯಿ ತಮ್ಮ ಕಾಯಿಯನ್ನು ತಾವೇ ಬಿಡಿಸುತ್ತಿದ್ದಾರೆ. ಅದರಲ್ಲೇನು ವಿಶೇಷ ಅನ್ನಬೇಡಿ. ಈ ಹೊಲದಲ್ಲಿ ವಿಶೇಷವೇ ಅದು.

ಯಾಕೆಂದರೆ ಗಿರಿಜಾಬಾಯಿ ಇಲ್ಲಿ ಸಿನಿಮಾ ಹೇಳುವವರು. ಅವರು ನೋಡಿ ಬಂದ ಸಿನಿಮಾದ ಕಥೆ ಹೇಳುತ್ತ ಸಾಗುತ್ತಾರೆ, ಅವರ ಸಾಲನ್ನು ಅಕ್ಕಪಕ್ಕದವರು ಹಂಚಿಕೊಂಡು ಬಿಡಿಸುತ್ತಾರೆ. ಇದು ಬಹಳ ವರ್ಷಗಳ ಒಪ್ಪಂದ. ಇವತ್ತು ಅವರು ತುಟಿ ಬಿಚ್ಚಿಲ್ಲ. ಪಕ್ಕದ ಸಾಲಿನ ರುಕ್ಮಿಣಿಬಾಯಿ ಕೆಣಕಿ ನೋಡುತ್ತಾರೆ.

“ಯಾಕವ್ವಾ, ಪೇಪರಿನವರು ಬಂದಾರಂತ ಬಾಯಿಗೆ ಕೀಲಿ ಹಾಕೀದೇನು?”

“ಇವತ್ತ ಬ್ಯಾಡ ಅಕ್ಕಾ. ಬಾಯಿಂದ ಮಾತೇ ಹೊಂಡವಲ್ದು.”

ವಾರದಲ್ಲಿ ಮೂರು ದಿನ ಗಿರಿಜಾಬಾಯಿಗೆ ಇನ್ನೊಂದು ಕೆಲಸವಿದೆ. ಬಸವಕಲ್ಯಾಣಕ್ಕೆ ಹೋಗಿ ಒಬ್ಬರೇ ಒಬ್ಬ ಪ್ರೇಕ್ಷಕರಿಗೆ ಸಿನಿಮಾ ಹೇಳುತ್ತಾರೆ. ಆ ಪ್ರೇಕ್ಷಕರಿಗೆ ಕಣ್ಣು ಕಾಣುವುದಿಲ್ಲ. ಹೆಸರು ಮಹಾರುದ್ರಪ್ಪ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಓದಿನ ಬಗ್ಗೆ ಒಂದು, ಸಿನಿಮಾ ಬಗ್ಗೆ ಒಂದು, ಟೀವಿ ಮೊಬೈಲುಗಳ ನಡುವೆ ಸಿಕ್ಕಿಕೊಂಡ ನಮ್ಮೆಲ್ಲರ ಬದುಕಿನ ಬಗ್ಗೆ ಒಂದು, ಹೀಗೆ ವಿಮರ್ಶೆಯ ಮೂರು ಪುಸ್ತಕ ಬರೆದವರು. ಇಂಥ ಪುಸ್ತಕಗಳನ್ನು ಎಷ್ಟು ಜನ ಓದುತ್ತಾರೆ ಎಂದು ಕೇಳಿ ಅವರ ಮನಸ್ಸು ನೋಯಿಸುವುದು ಬೇಡ. ಸಕ್ಕರೆ ಕಾಯಿಲೆ ಕಣ್ಣು ಕಿತ್ತುಕೊಂಡ ಮೇಲೂ ಹಟ ಹಿಡಿದು ನಾಲ್ಕನೆಯದನ್ನು ಹೇಳಿ ಬರೆಸಿದ್ದಾರೆ. ಅದರಲ್ಲಿ ಹನ್ನೆರಡು ಸಿನಿಮಾಗಳಿವೆ. ಹನ್ನೆರಡನ್ನೂ ಅವರು ‘ನೋಡಿದ್ದು’ ಗಿರಿಜಾಬಾಯಿ ಹೇಳಿದಂತೆ.

ಆ ಪುಸ್ತಕದ ಕಡೆಯ ಕರಡು ಇವತ್ತು ಹನ್ನೊಂದರ ಬಸ್ಸಿಗೆ ಕಲಬುರಗಿಯ ಮುದ್ರಕರ ಕಡೆ ಹೊರಡಲಿದೆ. ಅದರ ಕೊನೆಯ ಅಧ್ಯಾಯ ಪೂರ್ತಿ ನಿಂತಿರುವುದು ಒಂದು ಸುಳ್ಳಿನ ಮೇಲೆ. ಆ ಸುಳ್ಳು ಹೇಳಿದ್ದು ತಾನೇ ಎಂದು ಹೊಲದ ಕೆಲಸ ಮುಗಿಸಿ ಬಸವಕಲ್ಯಾಣಕ್ಕೆ ಹೊರಟಾಗ ಬಸ್ಸಿನಲ್ಲಿ ಗಿರಿಜಾಬಾಯಿ ನನಗೆ ಹೇಳುತ್ತಾರೆ. ಎಲೆಮರೆಯ ಕಾಯಿ ಹುಡುಕಿಕೊಂಡು ಬಂದು, ಪತ್ರಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದು ಹೋಗೋಣ ಎಂದುಕೊಂಡಿದ್ದ ನಾನು ನೋಟ್‌ಬುಕ್ ಮುಚ್ಚಿಡುತ್ತೇನೆ.

ಅದೊಂದು ಸಣ್ಣ ಮರಾಠಿ ಸಿನಿಮಾ. ಗಂಡ ಬರುತ್ತಾನೆಂದು ಒಬ್ಬ ಹೆಣ್ಣುಮಗಳು ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಬರುತ್ತಾಳೆ. ದಿನವಿಡೀ ಕಾಯುತ್ತಾಳೆ. ಕಡೆಯ ರೈಲೂ ಬಂದು ಹೋಗುತ್ತದೆ, ಅವನು ಬರುವುದಿಲ್ಲ. ಆಗ ಅವಳು ಬುತ್ತಿ ಬಿಚ್ಚಿ ತಾನೇ ಉಣ್ಣುತ್ತಾಳೆ. ಗಂಡನಿಗಿಂತ ಮೊದಲು ಉಂಡ ಈ ಹೆಣ್ಣನ್ನು ಮಹಾರುದ್ರಪ್ಪ ಇಡೀ ಅಧ್ಯಾಯದ ತುಂಬ ಹೊಗಳಿದ್ದಾರೆ. ಪುಸ್ತಕದ ಮುಖಪುಟದ ಮೇಲೂ ಅವಳೇ ಇದ್ದಾಳೆ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡು.

“ಆಕಿ ಅದರಾಗ ಉಣ್ಣಂಗೇ ಇಲ್ರಿ,” ಅನ್ನುತ್ತಾರೆ ಗಿರಿಜಾಬಾಯಿ. “ಬುತ್ತಿ ಬೆಂಚಿನ ಮ್ಯಾಲೆ ಇಟ್ಟು ನಡದುಬಿಡ್ತಾಳ. ಉಂಡಾಳ ಅಂತ ಹೇಳ್ದಾಕಿ ನಾ. ಬೇಕಂತ ಹೇಳೀದಲ್ರಿ, ನಾಲಿಗಿ ಹೇಳಿಬಿಡ್ತು. ಮೊನ್ನಿ ಕರಡು ಓದಿ ಹೇಳೂ ಮುಂದ ಅನುಮಾನ ಬಂತು. ಮನಿಗಿ ಹೋಗಿ ಮೊಬೈಲ್ದಾಗ ಮತ್ತ ನೋಡ್ದೆ. ಖರೇನ ಆಕಿ ಉಂಡಿಲ್ಲ.”

ಆ ಸಿನಿಮಾ ನೋಡಿದವರು ಈ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಇದ್ದರೆ ಹೆಚ್ಚು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಇರುವ ಕೆಲಸ ಹೋಗಬಹುದು. ಗಂಡ ಇಲ್ಲದ ಮನೆ, ಮಗಳು ಪೂನಂ ಬೀದರಿನಲ್ಲಿ ನರ್ಸಿಂಗ್ ಓದುತ್ತಿರುವುದು ಈ ಕೆಲಸದ ಮೇಲೆಯೇ. ಇಷ್ಟನ್ನೂ ಅವರು ನನಗೆ ಹೇಳುವುದು ಕಿಟಕಿಯಾಚೆ ನೋಡುತ್ತ.

ನಾಲಿಗೆ ಯಾಕೆ ಹಾಗೆ ಹೇಳಿತು ಎಂಬುದಕ್ಕೆ ಅವರ ಹಿಂದಿನ ಬದುಕು ನೋಡಬೇಕು. ಹುಮನಾಬಾದಿನ ಟಾಕೀಸು ನಡೆಯುತ್ತಿದ್ದ ಕಾಲದಲ್ಲಿ ಕೂಲಿಯ ಹೆಂಗಸರೆಲ್ಲ ಸೇರಿ ಒಂದೇ ಟಿಕೇಟಿಗೆ ದುಡ್ಡು ಹಾಕುತ್ತಿದ್ದರು. ಸಂತೆಯ ದಿನ ಒಬ್ಬಳು ಹೋಗಿ ನೋಡಿಕೊಂಡು ಬರಬೇಕು, ವಾರವೆಲ್ಲ ಉಳಿದವರಿಗೆ ಹೇಳಬೇಕು. ಏಳನೇ ತರಗತಿ ಓದಿದ, ಎಲ್ಲರ ದನಿಯನ್ನೂ ಅನುಕರಿಸಬಲ್ಲ ಹುಡುಗಿ ಗಿರಿಜೆಗೆ ಆ ಪಟ್ಟ ಬಂತು. ಆದರೆ ಹೊಲದ ಪ್ರೇಕ್ಷಕರು ಬಲು ಖಡಕ್ಕು. ಹೀರೋಯಿನ್ ಸತ್ತರೆ ಮಧ್ಯಾಹ್ನದ ಮೇಲೆ ಯಾರ ಕೈಯೂ ಓಡುತ್ತಿರಲಿಲ್ಲ. ಹಾಗಾಗಿ ಗಿರಿಜಾಬಾಯಿ ಎಷ್ಟೋ ಹೀರೋಯಿನ್‌ಗಳನ್ನು ಬದುಕಿಸಿದ್ದಾರೆ, ಎಷ್ಟೋ ಅತ್ತೆಯಂದಿರ ಸೊಕ್ಕು ಮುರಿದಿದ್ದಾರೆ. ಯಾರೂ ತಕರಾರು ತೆಗೆಯಲಿಲ್ಲ.

ಹಿಂದೊಮ್ಮೆ ಸಿನಿಮಾ ಪುಸ್ತಕ ಬರೆಯುವಾಗ ಮಹಾರುದ್ರಪ್ಪ ಇದೇ ಹೊಲದ ಬದುವಿನ ಮೇಲೆ ಕೂತು ಇವರ ಕಥೆ ಕೇಳಿದ್ದರು. ಕಣ್ಣು ಹೋದಾಗ ಮೊದಲು ಮನೆಯವರೇ ಹೇಳಿ ನೋಡಿದರು. ‘ಅವ ಬಂದ, ಇವ ಹೋದ, ಈಗ ಹಾಡು’ ಎಂಬಲ್ಲಿಗೆ ಅವರ ಕಥೆ ಮುಗಿಯುತ್ತಿತ್ತು. ಆಗ ಗಿರಿಜಾಬಾಯಿಗೆ ಕರೆ ಹೋಯಿತು. ಟೀವಿಯಲ್ಲಿ ಸಿನಿಮಾ ಹಾಕಿ ಒಂದು ಸಲ ಇಬ್ಬರೂ ಸುಮ್ಮನೆ ಕೂತು ಮುಗಿಸುತ್ತಾರೆ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಇವರು ಹೇಳುತ್ತಾರೆ: ಯಾರ ಮುಖ ಎತ್ತ ತಿರುಗಿದೆ, ಗೋಡೆಯ ಬಣ್ಣ ಎಂಥದ್ದು, ಬೆಳಕು ಎಲ್ಲಿಂದ ಬಿದ್ದಿದೆ. ಎರಡು ವರ್ಷದಿಂದ ಹೀಗೇ ನಡೆದಿದೆ. “ಟೀವಿ ನೋಡಾಕ ಪಗಾರ ತಗೋತಾಳ ಅಂತ ಊರಾಗ ನಗ್ತಾರ್ರಿ. ನಕ್ಕರ ನಗಲಿ ಬಿಡ್ರಿ. ನೋಡೋದು ಹಗರಲ್ಲ. ಸಂಜಿಕ ಕಣ್ಣು ಉರಿತಾವ.”

ಬಸವಕಲ್ಯಾಣ ತಲುಪಿದಾಗ ಹತ್ತಾಗಿದೆ. ಮಹಾರುದ್ರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆ ಮನೆಯ ಯಜಮಾನರ ಹಾಗೆ ಕೂತಿದ್ದಾರೆ. ಅವರ ಹೆಂಡತಿ ಪಾರ್ವತಿಬಾಯಿ ಕರಡಿನ ಕಟ್ಟಿಗೆ ಸುತ್ತಲು ದಾರ ಹಿಡಿದು ನಿಂತಿದ್ದಾರೆ.

“ಬಂದಿ? ಕಡೀ ಅಧ್ಯಾಯ ಒಮ್ಮೆ ಓದಿಬಿಡು,” ಅನ್ನುತ್ತಾರೆ ಸಾಹೇಬರು. “ಪೇಪರಿನವರೂ ಕೇಳಲಿ.”

ಗಿರಿಜಾಬಾಯಿ ಓದಲು ಶುರುಮಾಡುತ್ತಾರೆ. ಒಂದು ಪುಟ, ಎರಡು ಪುಟ. ರೈಲು ಹೋದ ಜಾಗಕ್ಕೆ ಬಂದು ದನಿ ನಿಲ್ಲುತ್ತದೆ.

“ಸರ್, ಆಕಿ ಉಣಲಿಲ್ರಿ.”

“ಏನಂದಿ?”

“ಬುತ್ತಿ ಬಿಟ್ಟು ಹ್ವಾದಳ್ರಿ. ಉಂಡಳಂತ ನಾ ಸುಳ್ಳ ಹೇಳ್ದೆ.”

ಪಾರ್ವತಿಬಾಯಿ ಕೈಯಿಂದ ದಾರದುಂಡೆ ಜಾರಿ ಉರುಳುತ್ತದೆ. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗುವುದಿಲ್ಲ.

“ಯಾಕ?”

“ಹೊಲದಾಗ ಹಂಗ ಹೇಳಿ ರೂಢಿ ಆಗ್ಯಾದ್ರಿ. ಮುಂಜಾನಿಂದ ಹಸದು ಕುಂತ ಹೆಣ್ಮಗಳು ರೊಟ್ಟಿ ಬಿಟ್ಟು ಎದ್ದು ಹ್ವಾದಳಂದ್ರ ನಮ್ಮ ಮಂದಿ ಒಪ್ಪಂಗಿಲ್ರಿ. ನನಗೂ ತಡಕೊಳ್ಳಾಕ ಆಗಲಿಲ್ಲ.”

“ಇನ್ನ ಯಾವ್ಯಾವ ಸಿನಿಮಾದಾಗ ಹಿಂಗ ಮಾಡೀರಿ ನೀವು?” ಸಿಟ್ಟು ಬಂದಾಗ ಮಹಾರುದ್ರಪ್ಪನವರ ಮಾತಿನಲ್ಲಿ ಮರ್ಯಾದೆ ಹೆಚ್ಚಾಗುತ್ತದೆ. ಎರಡು ವರ್ಷ ‘ನೀ’ ಆಗಿದ್ದವರು ಒಮ್ಮೆಲೇ ‘ನೀವು’ ಆಗುತ್ತಾರೆ. ಗಿರಿಜಾಬಾಯಿಗೆ ಅದು ಬೈಗುಳಕ್ಕಿಂತ ಜೋರಾಗಿ ತಗುಲಿದ್ದು ಮುಖದಲ್ಲೇ ಕಾಣುತ್ತದೆ.

ಇದೊಂದೇ ಅಂದುಬಿಡಿ ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತೇನೆ. ಅವರು ಹಾಗೆ ಅನ್ನುವುದಿಲ್ಲ.

“ಇದೊಂದೇ ಅಂತ ಆಣಿ ಮಾಡಾಕ ಬರಂಗಿಲ್ರಿ. ಗೊತ್ತಾಗಿದ್ದು ಇದೊಂದು.”

ಗಡಿಯಾರ ಹತ್ತೂವರೆ ದಾಟುತ್ತದೆ. “ಬಸ್ಸಿಗಿ ವ್ಯಾಳ್ಯಾ ಆತು,” ಎಂದು ಪಾರ್ವತಿಬಾಯಿ ಮೆಲ್ಲಗೆ ಅನ್ನುತ್ತಾರೆ. ಪುಸ್ತಕ ಬಿಡುಗಡೆಯ ದಿನ ನಿಗದಿಯಾಗಿದೆ, ಅತಿಥಿಗಳಿಗೆ ಹೇಳಿಯಾಗಿದೆ. ಅಧ್ಯಾಯ ಕಿತ್ತರೆ ಮುಖಪುಟವೂ ಹೋಗುತ್ತದೆ.

“ಆ ಸೀನು ಹಚ್ಚು,” ಎಂದು ಕಡೆಗೆ ಮಹಾರುದ್ರಪ್ಪ ಅನ್ನುತ್ತಾರೆ. “ನೀ ಬಾಯಿ ಮುಚ್ಚಿಕೊಂಡು ಕೂಡು.”

‘ನೀ’ ಮರಳಿ ಬಂದಿದೆ. ಟೀವಿಯಲ್ಲಿ ರೈಲಿನ ಸದ್ದು ದೂರವಾಗುತ್ತದೆ. ಬಟ್ಟೆಯ ಸರಸರ. ಆಮೇಲೆ ಹೆಜ್ಜೆಗಳು, ಕಲ್ಲಿನ ಮೇಲೆ, ಒಂದೊಂದಾಗಿ ಸಣ್ಣಗಾಗುತ್ತ ಹೋಗುವ ಹೆಜ್ಜೆಗಳು. ಮಹಾರುದ್ರಪ್ಪ ಕುತ್ತಿಗೆ ಮುಂದಕ್ಕೆ ಚಾಚಿ ಕೇಳುತ್ತಾರೆ.

“ಈ ಹೆಜ್ಜಿ ಸಪ್ಪಳ ಆವತ್ತೂ ಇತ್ತಲ್ಲ,” ಅನ್ನುತ್ತಾರೆ. “ಉಣ್ಣಾಕ ಕುಂತಾಕಿ ನಡದಾಡ್ತಾಳ? ನನ್ನ ಕಿವಿ ಏನ ಹೋಗಿದ್ದಿಲ್ಲ. ನನಗೂ ಆಕಿ ಉಣ್ಣೋದು ಬೇಕಾಗಿತ್ತು, ನಾ ಕೇಳಲೇ ಇಲ್ಲ.” ಆಮೇಲೆ ಹೆಂಡತಿಯ ಕಡೆ ತಿರುಗುತ್ತಾರೆ. “ಮುದ್ರಕರಿಗೆ ಫೋನ್ ಮಾಡು. ಈಗ ಕಳಸಂಗಿಲ್ಲ. ಉಳಿದ ಹನ್ನೊಂದೂ ಮತ್ತ ಮೊದಲಿಂದ ನೋಡ್ಬೇಕು. ಈಕಿನೇ ಹೇಳ್ಬೇಕು.”

ಗಿರಿಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಸಾಹೇಬರು ಬಿಡುವುದಿಲ್ಲ. “ಈಗ ಹೇಳು. ಇದ್ದದ್ದ ಇದ್ದಂಗ.”

ಸೀನು ಮತ್ತೆ ಹಚ್ಚುತ್ತಾರೆ. “ಬೆಂಚಿನ ಮ್ಯಾಲೆ ಬುತ್ತಿ ಇಟ್ಟಾಳ್ರಿ. ಗಂಟು ಜರಾ ಸಡ್ಲಾಗಿತ್ತು, ಬಿಗಿ ಮಾಡಿದಳು. ಎದ್ದಳು. ನಡದಳು. ಈಗ ಬೆನ್ನಷ್ಟೇ ಕಾಣಾಕತ್ತಾದ್ರಿ.”

“ಹಿಂದಕ್ಕ ಹೊಳ್ಳಿ ನೋಡಿದಳೇನು?”

ಗಿರಿಜಾಬಾಯಿ ಟೀವಿಯ ಹತ್ತಿರ ಸರಿಯುತ್ತಾರೆ. ಕಣ್ಣು ಮಿಟುಕಿಸುವುದಿಲ್ಲ.

“ಇಲ್ರಿ ಸರ್. ನೋಡಲಿ ಅಂತ ನನಗ ಭಾಳ ಅನಸ್ತಾದ್ರಿ. ಆದ್ರ ನೋಡಲಿಲ್ಲ.”