ಶ್ರಾವ್ಯಳ ಹೋಮ್‌ಕಮಿಂಗ್

ಕೇಳಿ ಗೆಳೆಯರೇ, ಇವತ್ತು ಸಂಜೆ ಮಗಳು ಶ್ರಾವ್ಯ ಮುಖಕ್ಕೆಲ್ಲ ನೀಲಿ ಬಣ್ಣ ಬಳಿದುಕೊಂಡು ಇಲ್ಲಿ ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಕುಣಿಯುತ್ತ ಬಂದಳು. ಅವಳದು ಹನ್ನೆರಡನೆಯ ತರಗತಿ. ಶಾಲೆಯದೇ ಬಣ್ಣ ಬಳಿದುಕೊಂಡು ಸಂಭ್ರಮಿಸುವ ಸ್ಪಿರಿಟ್ ವೀಕ್‌ನ ಕೊನೆಯ ದಿನ. ಹಳೆಯ ವಿದ್ಯಾರ್ಥಿಗಳೆಲ್ಲ ಹೋಮ್‌ಕಮಿಂಗ್‌ಗೆ ಬಂದಿದ್ದರಂತೆ.

"ಪಪ್ಪಾ, ನೆಕ್ಸ್ಟ್ ಇಯರ್ ನಾನೂ ಹಾಗೇ ವಾಪಸ್ ಬರ್ತೇನೆ!"

ಮಧ್ಯಾಹ್ನವಷ್ಟೇ ಕೆಲಸ ಕಳೆದುಕೊಂಡು ಬಂದಿದ್ದ ನನ್ನವರು ತಲೆ ಎತ್ತಲಿಲ್ಲ. "ಖಲಾಸ್ ಮಗಾ. ಕೆಲಸ ಹೋದ್ರೆ ವೀಸಾವೂ ಹೋಯ್ತು. ಈ ತಿಂಗಳೇ ಊರಿಗೆ ಹೋಗ್ಲಿಕ್ಕುಂಟು. ಮತ್ತೆ ಬರ್ಲಿಕ್ಕೆ ವೀಸಾ ಯಾರು ಕೊಡ್ತಾರೆ?"

"ಎಂತ ಪಪ್ಪಾ, ನಾನು ಹುಟ್ಟಿದ್ದೇ ಇಲ್ಲಿ ಅಲ್ವಾ?"

ಅವಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೊರಗೇ ನಿಂತುಬಿಟ್ಟೆ.

ಹೋಮ್‌ಕಮಿಂಗ್ ಎಂದರೆ ಮನೆಗೆ ಮರಳುವುದಂತೆ. ಆ ಮನೆಗೂ ವೀಸಾ ಕೊಡಿಸುವ ಸ್ಪಾನ್ಸರ್ ಬೇಕೆಂದು ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ ನೋಡಿ. ಆ ಪಾಠ ಹೇಳಿಕೊಡುವುದು ಅಪ್ಪನ ಪಾಲಿಗೆ ಬಂತು.