ಒಳ್ಳೆಯ ಕಾಲು

ನಮ್ಮ ಮನೆಯ ಲ್ಯಾಬ್ರಡಾರ್ ನಾಯಿ ಒಂದು ಬೆಳಿಗ್ಗೆ ಬಲಗಡೆಯ ಹಿಂಗಾಲನ್ನು ಎತ್ತಿಕೊಂಡು ಮೂರು ಕಾಲಲ್ಲಿ ಅಡುಗೆಮನೆಗೆ ಬಂತು. ಚಪಾತಿ ತಿಂದು ಮೂರು ಕಾಲಲ್ಲೇ ಹೊರಟುಹೋಯಿತು. ಒಂಬತ್ತು ವರ್ಷದ ಹೆಣ್ಣು ನಾಯಿ. ತೂಕ ಮೂವತ್ತೆಂಟು ಕಿಲೋ. ಅದು ನನ್ನ ಹೆಂಡತಿಯ ಕೈಗುಣ.

ರಾಮಕೃಷ್ಣನಗರದಲ್ಲಿ ನಮ್ಮ ಮನೆ ಹತ್ತಿರವೇ ಇರುವ ಪಶುವೈದ್ಯೆ ಒಂದು ಕೈಯಲ್ಲಿ ತೊಡೆಮೂಳೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿ ನೋಡಿದರು. ಮಂಡಿಯೊಳಗಿನ ಲಿಗಮೆಂಟ್ ಹರಿದಿದ್ದರೆ ಆ ಮೂಳೆ ಮೇಜಿನ ಡ್ರಾಯರ್ ಹಾಗೆ ಮುಂದೆ ಜಾರುತ್ತದಂತೆ. ಎಕ್ಸ್-ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ.

"ಜಾರ್ತಾ ಇದೆ ಅನ್ಸುತ್ತೆ ಸಾರ್. ಆಪರೇಷನ್ ಮಾಡಿಸೋದು ಒಳ್ಳೇದು," ಎಂದರು.

"ಅನ್ಸುತ್ತೆ ಅಂದ್ರೆ ಎಷ್ಟು ಮಿಲಿಮೀಟರು?" ಎಂದು ಕೇಳಿದೆ.

"ಕೈಗೆ ಗೊತ್ತಾಗುತ್ತೆ ಸಾರ್."

ಮೂವತ್ತು ವರ್ಷ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅಳತೆ ನೋಡಿಯೇ ಅನ್ನ ತಿಂದವನು ನಾನು. ಕೈಗೆ ಗೊತ್ತಾಗುತ್ತೆ ಎಂದವರನ್ನೆಲ್ಲ ಬೈದಿದ್ದೇನೆ. ವಯಸ್ಸಾದ ನಾಯಿಗೆ ಬರೀ ಅನ್ನಿಸಿಕೆಯ ಮೇಲೆ ಮಂಡಿ ಕೊಯ್ಯಿಸುವುದು ನನಗೆ ಸರಿಬರಲಿಲ್ಲ. ಹೆಂಡತಿ, "ಮಾಡಿಸೇಬುಡೋಣ ಕಣ್ರೀ. ಕಾಲು ಹೋದ್ರೆ ಆಮೇಲೆ ಅದನ್ನ ಎತ್ತೋರು ಯಾರು?" ಎಂದಳು. ಮೊದಲು ಅಳೆಯೋಣ ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಅವಳಿಗೆ ಗೊತ್ತು.

ಅದಕ್ಕೆಂದು ನಾನೇ ಮಾಡಿಕೊಂಡ ಉಪಕರಣವೆಂದರೆ ಎರಡು ಅಲ್ಯೂಮಿನಿಯಂ ಪಟ್ಟಿ, ತೊಡೆಗೊಂದು, ಕೆಳಗಾಲಿಗೊಂದು. ನಡುವೆ ಡಯಲ್ ಗೇಜು. ಕೂದಲೆಳೆಯಷ್ಟು ಅಲುಗಿದರೂ ಅದರ ಮುಳ್ಳು ತಿರುಗಿ ತೋರಿಸುತ್ತದೆ. ಪಟ್ಟಿ ಬಾಗಿಸಿಕೊಟ್ಟ ಉದಯಗಿರಿಯ ಲೇತ್ ಅಂಗಡಿಯವರು, "ಏನ್ ಸಾರ್, ಸೈಕಲ್ ಬ್ರೇಕಾ?" ಎಂದರು. ಹೌದು ಎಂದೆ. ವಿವರಿಸುವ ವ್ಯವಧಾನ ನನಗೆ ಯಾವತ್ತೂ ಇಲ್ಲ.

ಟೂಲ್ ರೂಮಿನಲ್ಲಿ ಒಂದು ಪದ್ಧತಿ ಉಂಟು. ಸರಿಯಾಗಿದೆ ಎಂದು ಗೊತ್ತಿರುವ ತುಂಡೊಂದನ್ನು ಮಾಸ್ಟರ್ ಎಂದು ಇಟ್ಟುಕೊಳ್ಳುವುದು, ಅದರ ಮೇಲೆ ಗೇಜನ್ನು ಸೊನ್ನೆಗೆ ನಿಲ್ಲಿಸುವುದು, ಆಮೇಲೆ ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸುವುದು. ನಾಯಿಯ ಎಡಗಾಲು ಒಳ್ಳೆಯದಿತ್ತು. ಅದನ್ನೇ ಮಾಸ್ಟರ್ ಮಾಡಿದೆ. ಅದನ್ನು ತಳ್ಳಿದಾಗ ಮುಳ್ಳು ನಿಂತ ಜಾಗಕ್ಕೆ ಸೊನ್ನೆಯನ್ನು ತಿರುಗಿಸಿ, ಬಲಗಾಲಿಗೆ ಪಟ್ಟಿ ಕಟ್ಟಿ ಅಷ್ಟೇ ಬಲದಿಂದ ತಳ್ಳಿದೆ. ನಾಯಿ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಪಟ್ಟಿ ಬಿಗಿ ಮಾಡಿದಾಗಲೆಲ್ಲ ಕತ್ತು ತಿರುಗಿಸಿ ನನ್ನ ಕೈ ನೆಕ್ಕುತ್ತಿತ್ತು. ಮುಳ್ಳು ಸರಿಯಾಗಿ ಸೊನ್ನೆಯಲ್ಲೇ ನಿಂತಿತು.

"ನೋಡು, ಎರಡೂ ಒಂದೇ. ಲಿಗಮೆಂಟಿಗೆ ಏನೂ ಆಗಿಲ್ಲ ಕಣೇ, ಉಳುಕಿರಬೇಕು," ಎಂದೆ. ಆಪರೇಷನ್ ಬೇಡವೆಂದು ಡಾಕ್ಟರಿಗೂ ಫೋನ್ ಮಾಡಿದೆ. ಯಾವುದಕ್ಕೂ ಇನ್ನೊಂದು ಸಲ ಕರೆತನ್ನಿ ಎಂದರು. ಹೋಗಲಿಲ್ಲ.

ಆರು ವಾರಕ್ಕೆ ಕುಂಟುವುದು ನಿಂತಿತು. ಆಗ ನನಗಾದ ಹೆಮ್ಮೆಯನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಉಪಕರಣಕ್ಕೆ ಒಂದು ಮರದ ಪೆಟ್ಟಿಗೆ ಮಾಡಿಸಿದೆ. ಒಳಗೆ ಹಸಿರು ಮಖಮಲ್ಲು.

ಪೆಟ್ಟಿಗೆ ಬಂದ ವಾರವೇ ಹೆಂಡತಿ ಹೇಳಿದಳು: "ಅದು ಕುಂಟ್ತಾ ಇಲ್ಲ, ನಿಜ. ನಡೀತಾನೂ ಇಲ್ಲ ಕಣ್ರೀ. ಅಡುಗೆಮನೆಗೆ ಬಂದು ಎಷ್ಟು ದಿನ ಆಯ್ತು, ನೋಡಿದೀರಾ?"

ನೋಡಿರಲಿಲ್ಲ.

ಕರೆದುಕೊಂಡು ಹೋದಾಗ ಡಾಕ್ಟರು ಮತ್ತಿನ ಇಂಜೆಕ್ಷನ್ ಕೊಟ್ಟು ಎರಡೂ ಮಂಡಿಗಳನ್ನು ಕೈಯಲ್ಲೇ ತಳ್ಳಿ ನೋಡಿದರು. ಎರಡೂ ಜಾರಿದವು. ಗೇಜಿಲ್ಲದೆಯೇ ನನಗೂ ಕಾಣಿಸಿತು.

"ಆಗಲೇ ಎರಡೂ ಹರಿದಿತ್ತು ಅನ್ಸುತ್ತೆ ಸಾರ್. ಎಡಗಡೆ ನೋವು ಆಮೇಲೆ ಜಾಸ್ತಿ ಆಗಿದೆ. ಎರಡೂ ಕಡೆ ಒಂದೇ ನೋವಾದ್ರೆ, ಪಾಪ, ಯಾವ ಕಾಲಿಗೆ ಅಂತ ಕುಂಟುತ್ತೆ?"

ವಾಪಸು ಬರುವಾಗ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಎಡಗಾಲು ಒಳ್ಳೇದು ಅಂತ ನಿಮಗೆ ಹೇಳಿದ್ದು ಯಾರು?" ಮಾಸ್ಟರನ್ನೂ ಆಗಾಗ ಪರೀಕ್ಷೆಗೆ ಕಳಿಸಬೇಕು, ಕಳಿಸದವರಿಗೆ ಟೂಲ್ ರೂಮಿನಲ್ಲಿ ಮೆಮೋ ಕೊಡುತ್ತಿದ್ದವನು ನಾನೇ. ಅಷ್ಟು ದಿನ ನಾಯಿ ನೋವು ತಿಂದದ್ದು ನನ್ನಿಂದ.

ಒಂದರ ನಂತರ ಒಂದು, ಎರಡೂ ಮಂಡಿಗೆ ಆಪರೇಷನ್ ಆಯಿತು. ಉಪಕರಣದಲ್ಲಿ ಈಗ ಮಾಸ್ಟರ್ ಇಲ್ಲ. ತಳ್ಳುವ ಮೊದಲು ಎಷ್ಟು, ತಳ್ಳಿದ ಮೇಲೆ ಎಷ್ಟು ಎಂದು ಪ್ರತಿ ಕಾಲನ್ನೂ ಅದರಷ್ಟಕ್ಕೇ ಅಳೆಯುತ್ತದೆ. ಡಾಕ್ಟರು ಅದನ್ನು ಬೇರೆ ನಾಯಿಗಳಿಗೆ ಬಳಸುತ್ತಾರೆ, ಮೊದಲು ಕೈಯಲ್ಲಿ ನೋಡಿಕೊಂಡು. ನಮ್ಮದು ಮತ್ತೆ ನಾಲ್ಕು ಕಾಲಲ್ಲಿ ಅಡುಗೆಮನೆಗೆ ಬರುತ್ತದೆ, ನಿಧಾನವಾಗಿ. ನನ್ನ ಕೈಯನ್ನೂ ನೆಕ್ಕುತ್ತದೆ. ಆದರೆ ಉಪಕರಣ ರಿಪೇರಿಗೆಂದು ಮನೆಗೆ ಬಂದಾಗ, ಪೆಟ್ಟಿಗೆಯಿಂದ ಆ ಪಟ್ಟಿಗಳನ್ನು ತೆಗೆದ ಸದ್ದಾದರೆ, ಎರಡೂ ಹಿಂಗಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ಕೂತುಬಿಡುತ್ತದೆ.